ಕಟ್ಟಡ ಪಾಲಕನ ಸ್ಥಾನ ಮತ್ತು ಹೊಣೆ

ವಿದ್ಯಾಸಂಸ್ಥೆಯೊಂದರ ಚರಿತ್ರೆಯಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನಕ್ಕೆ ವಿಶೇಷವಾದ ಸ್ಥಾನ ದೊರೆಯುವುದು ಸಹಜವೇ ಆಗಿದೆ. ಅಡಿಗಲ್ಲು, ದಾನಿಗಳ ಹೆಸರನ್ನು ಕೊರೆದ ಅಮೃತಶಿಲೆಯ ಫಲಕ, ಸಭೆ, ಸನ್ಮಾನ, ಸಾಲಾಗಿ ಕುಳಿತವರ ಛಾಯಾಚಿತ್ರ ಇವೆಲ್ಲವೂ ಸ್ಮರಣ ಸಂಚಿಕೆಯ ಪುಟಗಳಲ್ಲಿ ಭದ್ರವಾಗಿ ಉಳಿಯುತ್ತವೆ. ಉದ್ಘಾಟನೆಯ ಮರುದಿನದ ಕಥೆಯನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಬಿಸಿಲು, ಮಳೆ, ಗೆದ್ದಲು, ತುಕ್ಕು, ನೂರಾರು ಮಕ್ಕಳ ಓಡಾಟ ಇವು ಅಂದಿನಿಂದಲೇ ತಮ್ಮ ಕೆಲಸವನ್ನು ಆರಂಭಿಸುತ್ತವೆ. ಅವುಗಳನ್ನು ಎದುರಿಸಿ ಕಟ್ಟಡವನ್ನು ನಿಲ್ಲಿಸಿಕೊಂಡು ಬರುವವನು ಒಬ್ಬನಿರಬೇಕು. ಬಹುತೇಕ ಶಾಲೆಗಳಲ್ಲಿ ಬೀಗದ ಕೈಗೊಂಚಲು ಯಾರ ಸೊಂಟದಲ್ಲಿದೆಯೋ ಅವನೇ ಆ ಮನುಷ್ಯನೆಂದು ಭಾವಿಸಲಾಗುತ್ತದೆ. ಅವನಿಗೆ ಗೊತ್ತಾದ ಹೆಸರಿಲ್ಲ, ಬರೆದಿಟ್ಟ ಕರ್ತವ್ಯವಿಲ್ಲ, ಖರ್ಚು ಮಾಡಲು ಹಣವಿಲ್ಲ, 'ಕೂಡದು' ಎಂದು ಹೇಳುವ ಅಧಿಕಾರವಂತೂ ಇಲ್ಲವೇ ಇಲ್ಲ. ಇಂತಹ ವ್ಯವಸ್ಥೆಯಿಂದ ಕಟ್ಟಡಕ್ಕೆ ಮಾತ್ರವಲ್ಲ, ಅದರೊಳಗೆ ಕುಳಿತು ಓದುವ ಮಕ್ಕಳ ಪ್ರಾಣಕ್ಕೂ ಹೇಗೆ ಕುತ್ತು ಬರುತ್ತದೆಂಬುದನ್ನು ವಿಚಾರಿಸುವುದು ಅವಶ್ಯಕವಾಗಿದೆ.

ಕನ್ನಡ ನಾಡಿನ ಹಿಂದಿನ ದಾನಿಗಳು ಈ ವಿಷಯದಲ್ಲಿ ಇಂದಿನವರಿಗಿಂತ ಹೆಚ್ಚು ಮುಂದಾಲೋಚನೆಯುಳ್ಳವರಾಗಿದ್ದರೆಂದು ಹೇಳಬೇಕಾಗುತ್ತದೆ. ನಮ್ಮ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದಪುಂಜ ಚಿರಪರಿಚಿತವಾದುದು. ದೇವಾಲಯಕ್ಕೋ ಬಸದಿಗೋ ಮಠಕ್ಕೋ ಭೂಮಿಯನ್ನು ಬಿಡುವಾಗ ಪೂಜೆಗೆ, ತಪೋಧನರ ಆಹಾರದಾನಕ್ಕೆ, ವಿದ್ಯಾದಾನಕ್ಕೆ ಎಂದು ಹೇಳುವ ಸಾಲಿನಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದೂ ಬರೆಸುವ ರೂಢಿಯಿತ್ತು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದು ಹಳತಾದದ್ದು. ಕಟ್ಟಡವು ಮುಂದೆ ಮುರಿಯುವುದು, ಬಿರುಕು ಬಿಡುವುದು, ಸವೆಯುವುದು ನಿಶ್ಚಿತವೆಂದು ದಾನ ಕೊಡುವ ದಿನವೇ ಒಪ್ಪಿಕೊಂಡು, ಅದಕ್ಕೆ ಬೇಕಾದ ಆದಾಯವನ್ನು ಅದೇ ಕಲ್ಲಿನಲ್ಲಿ ಗೊತ್ತುಪಡಿಸುತ್ತಿದ್ದರು. ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಕೆರೆಯನ್ನು ಕಟ್ಟಿಸಿದವನ ಹೆಸರಿನೊಡನೆ ಏರಿ-ತೂಬುಗಳ ರಕ್ಷಣೆಗಾಗಿ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆಗಳ ಉಲ್ಲೇಖ ಬರುತ್ತದೆ; ಹೂಳೆತ್ತುವ ಬಂಡಿಗಾಗಿಯೇ ಭೂಮಿ ಬಿಟ್ಟ ನಿದರ್ಶನಗಳೂ ಉಂಟು. ಇಂದಿನ ಅಮೃತಶಿಲೆಯ ಫಲಕಗಳಲ್ಲಿ ಹೆಸರು ಉಳಿದಿದೆ, ಆ ಸಾಲು ಮಾತ್ರ ಬಿಟ್ಟುಹೋಗಿದೆ.

ಆಧುನಿಕ ಕಾಲದಲ್ಲಿ ಈ ಕೆಲಸ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದದ್ದು ಕಳೆದ ಅರ್ಧ ಶತಮಾನದಲ್ಲಿ. 1980ರಲ್ಲಿ ಅಮೆರಿಕದಲ್ಲಿ ಇದನ್ನು ಮಾಡುವವರದೇ ಒಂದು ಸಂಘ ಹುಟ್ಟಿತು. 1982ರಲ್ಲಿ ಅದು ಅಂತರರಾಷ್ಟ್ರೀಯ ಎಂಬ ವಿಶೇಷಣವನ್ನು ಪಡೆಯಿತು. 'ಫೆಸಿಲಿಟಿ ಮ್ಯಾನೇಜರ್' ಎಂಬ ಹುದ್ದೆಯ ಹೆಸರು ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳಲ್ಲಿ ರೂಢಿಗೆ ಬಂದಿತು. 2018ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಈ ನಿರ್ವಹಣೆಗೆ ಒಂದು ಮಾನಕವನ್ನೇ ಹೊರಡಿಸಿತು. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. 1983 ಮತ್ತು 2005ರಲ್ಲಿ ಅದು ಪರಿಷ್ಕಾರಗೊಂಡಿತಾದರೂ, ಕಟ್ಟಿದ ಮೇಲೆ ಆಸ್ತಿಯನ್ನೂ ಸೌಕರ್ಯಗಳನ್ನೂ ನೋಡಿಕೊಳ್ಳುವುದು ಹೇಗೆಂಬ ಬಗ್ಗೆ ಒಂದು ಪ್ರತ್ಯೇಕ ಭಾಗವೇ ಸೇರಿದ್ದು 2016ರ ಆವೃತ್ತಿಯಲ್ಲಿ. ಕಟ್ಟುವುದು ಹೇಗೆಂದು ಹೇಳಿ, ಕಾಯುವುದು ಹೇಗೆಂದು ಹೇಳಲು ನಾಲ್ವತ್ತಾರು ವರ್ಷಗಳು ಹಿಡಿದವು! ಕನ್ನಡದಲ್ಲಿ ಈ ಹುದ್ದೆಗೆ 'ಕಟ್ಟಡ ಪಾಲಕ' ಎಂಬ ಹೆಸರು ಸಲ್ಲುತ್ತದೆ. ಮಠ-ಮಂದಿರಗಳ ಹಳೆಯ ವ್ಯವಸ್ಥೆಯಲ್ಲಿ ಪಾರುಪತ್ಯಗಾರನೆಂಬವನು ಮಾಡುತ್ತಿದ್ದ ಕೆಲಸದ ಒಂದಂಶ ಇದೇ ಆಗಿದ್ದಿತು.

ಕಟ್ಟಡ ಪಾಲಕನೆಂದರೆ ಕಾವಲುಗಾರನಲ್ಲ; ಅವನು ಇಂಜಿನಿಯರನಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. ಗಾರೆ ಕೆಲಸದವನು, ಬಡಗಿ, ವಿದ್ಯುತ್ ಕೆಲಸದವನು, ಕೊಳಾಯಿ ಕೆಲಸದವನು ಇವರೆಲ್ಲರ ಕೆಲಸವನ್ನು ಅರಿತು, ಯಾವಾಗ ಯಾರನ್ನು ಕರೆಯಬೇಕೆಂಬುದನ್ನು ತಿಳಿದು, ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಬಲ್ಲವನಾಗಿದ್ದರೆ ಸಾಕು. ಅವನ ಮೊದಲನೆಯ ಸಾಧನ ಕಾಲು. ದಿನಕ್ಕೊಮ್ಮೆ ಆವರಣವನ್ನು ಸುತ್ತದ, ತಿಂಗಳಿಗೊಮ್ಮೆ ತಾರಸಿಯನ್ನು ಹತ್ತದ ಪಾಲಕನಿಗೆ ಯಾವ ಪದವಿ ಇದ್ದರೂ ಪ್ರಯೋಜನ ಕಡಮೆ.

ತಾರಸಿಯ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿಸ್ತರಿಸಿ ನೋಡಬಹುದು. ಶಾಲೆಯ ಕಟ್ಟಡಗಳು ಹಾಳಾಗಲು ಆರಂಭವಾಗುವುದು ಬಹುಮಟ್ಟಿಗೆ ಅಲ್ಲಿಂದಲೇ. ಮುಂಗಾರಿಗೆ ಮೊದಲು ನೀರು ಹೊರಹೋಗುವ ಬಾಯಿಗಳನ್ನು ಶುಚಿಗೊಳಿಸದಿದ್ದರೆ ಒಣಗಿದ ಎಲೆ, ಪಾರಿವಾಳದ ಗೂಡಿನ ಕಸ, ಮಕ್ಕಳು ಎಸೆದ ಚೆಂಡು ಇವು ಅಲ್ಲಿ ಸಿಕ್ಕಿಕೊಂಡು ತಾರಸಿ ಕೆರೆಯಾಗುತ್ತದೆ. ನಿಂತ ನೀರು ಇಳಿಯಲು ಒಂದು ಕೂದಲೆಳೆಯ ಬಿರುಕು ಸಾಕು. ಹೊಸ ಕಾಂಕ್ರೀಟು ಬಲವಾದ ಕ್ಷಾರಗುಣವುಳ್ಳದ್ದು. ಆ ಕ್ಷಾರವೇ ಒಳಗಿನ ಕಬ್ಬಿಣದ ಸರಳುಗಳ ಮೇಲೆ ತೆಳುವಾದ ರಕ್ಷಾಕವಚವನ್ನು ಉಂಟುಮಾಡಿ ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ತೇವದೊಡನೆ ಸೇರಿ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಒಳಸೇರುತ್ತ ಆ ಕ್ಷಾರವನ್ನು ಕುಂದಿಸುತ್ತದೆ. ಕವಚ ಹೋದ ಕಬ್ಬಿಣಕ್ಕೆ ನೀರು ತಗುಲಿದಾಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಗಾತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದು ಒಳಗಿನಿಂದ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸೀಳಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಕೊನೆಗೊಂದು ದಿನ ತರಗತಿಯ ನಡುವೆ ಛಾವಣಿಯ ಒಂದು ಹಲಗೆಯಷ್ಟು ಭಾಗ ಕಳಚಿ ಬೀಳುತ್ತದೆ. ಬಿದ್ದ ಹೊತ್ತು ರಾತ್ರಿಯಾಗಿದ್ದರೆ ಅದೃಷ್ಟ.

ಆದರೆ ಹೀಗೆ ಬೀಳುವುದಕ್ಕೆ ವರ್ಷಗಳ ಮೊದಲೇ ಕಟ್ಟಡ ಸೂಚನೆ ಕೊಟ್ಟಿರುತ್ತದೆ. ಛಾವಣಿಯ ತಳದಲ್ಲಿ ಕಂದುಬಣ್ಣದ ಕಲೆ, ಸರಳಿನ ಜಾಡನ್ನೇ ಹಿಡಿದು ಹೋಗುವ ನೇರವಾದ ಬಿರುಕು, ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು ಇವು ಪಾಲಕನು ಓದಬೇಕಾದ ಅಕ್ಷರಗಳು. ಇಲ್ಲಿ ಒಂದು ಕಟುವಾದ ಮಾತನ್ನು ಹೇಳದೆ ವಿಧಿಯಿಲ್ಲ. ಅನೇಕ ಸಂಸ್ಥೆಗಳಲ್ಲಿ ವರ್ಷಕ್ಕೊಮ್ಮೆ ಸುಣ್ಣ-ಬಣ್ಣ ನಡೆಯುವುದು ವಾರ್ಷಿಕೋತ್ಸವಕ್ಕೆ ಮುನ್ನ. ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಕಲೆಗಳ ಮೇಲೆ ಎರಡು ಸಾರಿ ಹೆಚ್ಚಾಗಿ ಕುಂಚ ಆಡಿಸುತ್ತಾರೆ. ಕಟ್ಟಡ ಬರೆದ ದೂರನ್ನು ಸಂಸ್ಥೆ ತನ್ನ ಕೈಯಾರೆ ಅಳಿಸಿದಂತೆ ಇದು. ಬಲ್ಲ ಪಾಲಕನು ಬಣ್ಣ ಹಚ್ಚುವ ಮೊದಲು ಕಲೆಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ, ತಾರೀಖು ಹಾಕಿ, ಮೂಲವನ್ನು ಸರಿಪಡಿಸಿದ ಮೇಲೆಯೇ ಬಣ್ಣಗಾರನನ್ನು ಒಳಗೆ ಬಿಡುತ್ತಾನೆ.

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿರುವ ಶಾಲೆಗಳಿಗೆ ಇನ್ನೊಂದು ಕಷ್ಟವಿದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿಬಿಡುತ್ತದೆ. ಅದರೊಡನೆ ಅಡಿಪಾಯವೂ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಇದರ ಲಕ್ಷಣ. ಇಂತಹ ಬಿರುಕು ಹಳೆಯದಾಗಿ ನಿಂತುಹೋದದ್ದೋ, ಇನ್ನೂ ಬೆಳೆಯುತ್ತಿರುವುದೋ ಎಂಬುದನ್ನು ತಿಳಿಯಲು ಹಿಂದಿನಿಂದ ಬಂದ ಒಂದು ಸುಲಭೋಪಾಯವಿದೆ. ಬಿರುಕಿನ ಎರಡು ದಡಗಳಿಗೂ ತಗುಲುವಂತೆ ತೆಳುವಾದ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯುವುದು. ಗಾಜು ಒಡೆದರೆ ಗೋಡೆ ಚಲಿಸುತ್ತಿದೆಯೆಂದರ್ಥ. ಆಗ ತಡಮಾಡದೆ ತಜ್ಞರನ್ನು ಕರೆಯಬೇಕು. ಒಡೆಯದಿದ್ದರೆ ಬಿರುಕನ್ನು ಮುಚ್ಚಿ ಸುಮ್ಮನಿರಬಹುದು. ಅಡಿಪಾಯದ ಬಳಿ ಸೋರುವ ನಲ್ಲಿ, ಗೋಡೆಗೆ ಒತ್ತಿ ನೆಟ್ಟ ದೊಡ್ಡ ಮರ ಇವು ಎರೆಭೂಮಿಯಲ್ಲಿ ಎಷ್ಟು ಹಾನಿ ಮಾಡಬಲ್ಲವೆಂಬುದು ನೆರಳಿಗಾಗಿ ಮರ ನೆಟ್ಟ ಪುಣ್ಯಾತ್ಮರಿಗೆ ತಿಳಿದಿರುವುದಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಕಟ್ಟಡಗಳಿಗೆ ಸಿಮೆಂಟಿನ ಗಿಲಾಯ ಮಾಡುವುದೂ ಇಂಥದೇ ಸದುದ್ದೇಶದ ತಪ್ಪು. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಇಟ್ಟಿಗೆಯನ್ನು ಕೊಳೆಯಿಸುತ್ತದೆ. ಮೊದಲ ಹಂಚಿನ ಕಾರ್ಖಾನೆ 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದಂದಿನಿಂದ ನಾಡಿನ ಎಷ್ಟೋ ಶಾಲೆಗಳಿಗೆ ಆ ಹಂಚೇ ಹೊದಿಕೆಯಾಗಿದೆ. ಅಲ್ಲಿ ನೋಡಬೇಕಾದುದು ಹಂಚನ್ನಲ್ಲ, ಅದರಡಿಯ ಪಕಾಸಿಗೆ ಗೋಡೆಯ ಮೂಲಕ ಏರುವ ಗೆದ್ದಲಿನ ಮಣ್ಣಿನ ಗೆರೆಯನ್ನು.

ನೀರಿನ ವಿಷಯದಲ್ಲಿ ಪಾಲಕನ ಹೊಣೆ ತೊಟ್ಟಿ ತುಂಬಿಸುವುದಕ್ಕೆ ಮುಗಿಯುವುದಿಲ್ಲ. ಮೇಲಿನ ತೊಟ್ಟಿಯ ಮುಚ್ಚಳ ಸರಿಯಾಗಿದೆಯೆ, ಒಳಗಿನ ಕೆಸರನ್ನು ಕೊನೆಯ ಸಾರಿ ತೆಗೆದದ್ದು ಎಂದು, ಕ್ಲೋರಿನ್ ಬೆರೆಸಿದ ನೀರು ಕೊನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿಸಿಕೊಂಡಿದೆಯೆ ಎಂಬುದನ್ನು ಅವನು ನೋಡಬೇಕು. ಕೊಳವೆ ಬಾವಿಯ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬಾರದು. ಬಯಲುಸೀಮೆಯ ಹಲವು ಭಾಗಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಾಗಲೂ 1.5ರ ಗಡಿಯನ್ನು ದಾಟುವಂತಿಲ್ಲ. ವಿದ್ಯಾರ್ಥಿನಿಲಯದಲ್ಲಿ ಹತ್ತು ವರ್ಷ ಇದ್ದು ಓದುವ ಹುಡುಗನ ಹಲ್ಲು-ಮೂಳೆಗಳ ಮೇಲೆ ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ಹಗಲಲ್ಲಿ ಕಚ್ಚಿ ಡೆಂಗಿಯನ್ನು ಹರಡುವ ಸೊಳ್ಳೆ ಮೊಟ್ಟೆಯಿಂದ ಹೊರಟು ರೆಕ್ಕೆ ಬಲಿಯಲು ಏಳರಿಂದ ಹತ್ತು ದಿನ ಹಿಡಿಯುತ್ತದೆ. ಆದುದರಿಂದ ವಾರಕ್ಕೊಮ್ಮೆ ತೊಟ್ಟಿ, ಹೂಕುಂಡದ ತಟ್ಟೆ, ಬಿಸಾಡಿದ ಟೈರುಗಳನ್ನು ಬರಿದುಮಾಡುವ ಪದ್ಧತಿಯಿದ್ದರೆ ಅದರ ಸಂತಾನ ಅಲ್ಲಿಗೇ ಮುಗಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಎಂದರೆ ಮುಗಿಯುವುದಿಲ್ಲ.

ಮಲದ ಗುಂಡಿಯನ್ನು ಕುರಿತು ಎರಡು ಮಾತು. ತುಂಬಿದ ಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಕಾಯಿದೆಯ ಪ್ರಕಾರ ದಂಡನೀಯ ಅಪರಾಧ. ಗುಂಡಿಯೊಳಗಿನ ಹೈಡ್ರೊಜನ್ ಸಲ್ಫೈಡ್ ಅನಿಲ ಪ್ರಮಾಣ ಹೆಚ್ಚಾದಾಗ ಮೂಗಿನ ವಾಸನಾಶಕ್ತಿಯನ್ನೇ ಕುಂದಿಸುತ್ತದೆ. ಇಳಿದವನಿಗೆ ಅಪಾಯದ ಸುಳಿವೂ ಸಿಗುವುದಿಲ್ಲ, ಅವನನ್ನೆತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಇಂತಹ ಸಾವುಗಳಿಗೆ ಕೊಡಬೇಕಾದ ಪರಿಹಾರವನ್ನು 10 ಲಕ್ಷ ರೂಪಾಯಿಗಳೆಂದು 2014ರಲ್ಲಿ ನಿಗದಿಮಾಡಿದ್ದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಂತ್ರವಾಹನ ಬರಲು ಎರಡು ದಿನ ತಡವಾಗುತ್ತದೆಂದು, ಊರಿನಲ್ಲಿ ಯಾರನ್ನಾದರೂ ಕರೆದು ಮುಗಿಸಿಬಿಡೋಣವೆಂದು ಯಾರು ಹೇಳಿದರೂ ಪಾಲಕನು ಒಪ್ಪಕೂಡದು. ಹೇಳಿದವರು ಆಡಳಿತ ಮಂಡಳಿಯವರೇ ಆದರೂ ಸರಿಯೇ.

ಇನ್ನು ಬೆಂಕಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಸಿದ್ಧವಾಗುತ್ತಿದ್ದ ಅಡಿಗೆಮನೆಯಿಂದ ಎದ್ದ ಬೆಂಕಿ ಮೇಲಂತಸ್ತಿನ ತರಗತಿಗಳ ಗರಿಯ ಛಾವಣಿಗೆ ಹತ್ತಿತು. ಉರಿಯುವ ಗರಿ ಮಕ್ಕಳ ಮೇಲೆ ಕುಸಿಯಿತು. ಇಳಿಯುವ ದಾರಿ ಇಕ್ಕಟ್ಟು. 94 ಮಕ್ಕಳು ಸತ್ತರು. ಎಲ್ಲರೂ ಪ್ರಾಥಮಿಕ ತರಗತಿಯ ಎಳೆಯರು. ಈ ದುರಂತದಲ್ಲಿ ಗುಪ್ತವಾದದ್ದು, ಅನಿರೀಕ್ಷಿತವಾದದ್ದು ಯಾವುದೂ ಇರಲಿಲ್ಲವೆಂಬುದೇ ಮನಸ್ಸನ್ನು ಕಲಕುವ ಸಂಗತಿ. ಗರಿಯ ಛಾವಣಿ, ಅದರ ಪಕ್ಕದಲ್ಲಿಯೇ ಒಲೆ, ಕಿರಿದಾದ ಮೆಟ್ಟಿಲು, ಮಿತಿಮೀರಿದ ಮಕ್ಕಳ ಸಂಖ್ಯೆ ಎಲ್ಲವೂ ದಿನನಿತ್ಯ ಎಲ್ಲರ ಕಣ್ಣೆದುರಿಗೇ ಇದ್ದವು. ಇದರ ಹಿನ್ನೆಲೆಯಲ್ಲಿ ಬಂದ ಮೊಕದ್ದಮೆಯೊಂದರಲ್ಲಿ 2009ರ ಏಪ್ರಿಲ್ 13ರಂದು ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯವು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಅಡಗಿದೆಯೆಂದು ಸಾರಿತು. ಬೆಂಕಿ ಆರಿಸುವ ಸಾಧನಗಳಿರಬೇಕು, ಅಧ್ಯಾಪಕರಿಗೂ ಸಿಬ್ಬಂದಿಗೂ ಅವುಗಳನ್ನು ಬಳಸುವ ತರಬೇತಿ ಇರಬೇಕು, ಕಟ್ಟಡಗಳು ರಾಷ್ಟ್ರೀಯ ಸಂಹಿತೆಗೆ ಅನುಗುಣವಾಗಿರಬೇಕು ಎಂದು ಎಲ್ಲ ಶಾಲೆಗಳಿಗೂ ಅನ್ವಯಿಸುವಂತೆ ಆದೇಶಿಸಿತು. ಹೀಗೆ, ಹಿಂದೆ ಔದಾರ್ಯದ ವಿಷಯವಾಗಿದ್ದುದು ಈಗ ಕಾನೂನಿನ ವಿಷಯವಾಗಿದೆ.

ಪಕ್ಕಾ ಕಟ್ಟಡದಲ್ಲಿ ಇಂಥದು ಆಗದೆಂಬ ಭರವಸೆಗೂ ಆಧಾರವಿಲ್ಲ. ಬೆಂಗಳೂರಿನ ಕಾರ್ಲಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ವಿದ್ಯುತ್ ತಂತಿಗಳು ಹಾಯುವ ಕಂಡಿಯಲ್ಲಿ ಬೆಂಕಿ ಹುಟ್ಟಿ ಮೇಲಂತಸ್ತುಗಳಿಗೆಲ್ಲ ಹೊಗೆ ತುಂಬಿತು. ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಕೆಲವರು ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರು. ಹೊರಬೀಳುವ ದಾರಿ ಬಳಸಲು ಬಾರದಂತಿತ್ತು. ಕಾಂಕ್ರೀಟು ಉರಿಯುವುದಿಲ್ಲ, ನಿಜ. ಮುಚ್ಚಿದ ದಾರಿಯಿರುವೆಡೆ ಹೊಗೆಯೊಂದೇ ಸಾಕಾಗುತ್ತದೆ. ವಿದ್ಯಾರ್ಥಿನಿಲಯಗಳನ್ನು ನಡೆಸುವವರು ಈ ಮಾತನ್ನು ಇನ್ನೂ ಆಳವಾಗಿ ಯೋಚಿಸಬೇಕು. ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ, ಮಹ್ದಿಯಾ ಎಂಬಲ್ಲಿಯ ಬಾಲಕಿಯರ ವಸತಿಗೃಹಕ್ಕೆ 2023ರ ಮೇ 21ರ ರಾತ್ರಿ ಬೆಂಕಿ ಬಿದ್ದಾಗ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು, ಬಾಗಿಲುಗಳಿಗೆ ಬೀಗ ಹಾಕಿತ್ತು. 20 ಮಕ್ಕಳು ಪ್ರಾಣಬಿಟ್ಟರು. ಬೀಗ ಹಾಕಿದ್ದು ಹುಡುಗಿಯರು ರಾತ್ರಿ ಹೊರಗೆ ಹೋಗದಿರಲೆಂದು. ನಮ್ಮ ನಿಲಯಗಳಲ್ಲಿಯೂ ರಾತ್ರಿ ಮಡಚುಗೇಟಿಗೆ ಬೀಗ ಜಡಿದು ಕೈಯನ್ನು ವಾರ್ಡನ್ನರ ಕೋಣೆಯಲ್ಲಿಡುವುದು ಸರ್ವೇಸಾಮಾನ್ಯ. ತಂದೆತಾಯಿಗಳೂ ಅದನ್ನೇ ಬಯಸುತ್ತಾರೆ. ಶಿಸ್ತೂ ಬೇಕು, ಪ್ರಾಣವೂ ಉಳಿಯಬೇಕು ಎಂದಾದರೆ ಒಳಗಿನಿಂದ ಕೈಯಿಲ್ಲದೆ ತೆರೆಯಬಲ್ಲ ಅಗುಳಿ, ತೆರೆದೊಡನೆ ಮೊಳಗುವ ಗಂಟೆ, ಕನಿಷ್ಠ ಒಂದು ಕಿಟಕಿಗಾದರೂ ಒಳಗಿನಿಂದ ಬಿಚ್ಚುವ ಸರಳು ಇವುಗಳನ್ನು ಅಳವಡಿಸಬಹುದು. ಇವು ದುಬಾರಿಯ ವಸ್ತುಗಳಲ್ಲ.

ಉತ್ಸವಗಳ ಸಂದರ್ಭದಲ್ಲಿ ಹಾಕುವ ಚಪ್ಪರವೂ ಪಾಲಕನ ಅಧೀನದಲ್ಲಿಯೇ ಇರತಕ್ಕದ್ದು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕ ಸಮಾರಂಭದ ಚಪ್ಪರಕ್ಕೆ ಬೆಂಕಿ ಹತ್ತಿ ಕೆಲವೇ ನಿಮಿಷಗಳಲ್ಲಿ 400ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ಬಹುಮಾನ ಪಡೆಯಲು, ನಾಟಕವಾಡಲು ಬಂದ ಮಕ್ಕಳು ಮತ್ತು ನೋಡಲು ಬಂದ ತಾಯಂದಿರು. ಕೃತಕ ನೂಲಿನ ಬಟ್ಟೆ, ಅದರಡಿಯಲ್ಲಿ ವಿದ್ಯುತ್ ತಂತಿ, ಸಾವಿರಾರು ಜನರಿಗೆ ಒಂದೇ ದ್ವಾರ. ಎಷ್ಟೋ ಕಡೆ ಚಪ್ಪರದ ಗುತ್ತಿಗೆಯನ್ನು ನಿರ್ಧರಿಸುವಾಗ ಕೇಳುವ ಪ್ರಶ್ನೆ ಚದರಡಿಗೆ ಎಷ್ಟು ಎಂಬುದೊಂದೇ.

ವಿದ್ಯುತ್ತಿನ ವಿಷಯದಲ್ಲಿ ಬರೆಯಬೇಕಾದ್ದು ಬಹಳವಿದ್ದರೂ ಸಂಕ್ಷೇಪವಾಗಿ ಇಷ್ಟನ್ನು ಹೇಳಬಹುದು: ಪದೇ ಪದೇ ಸುಡುವ ಫ್ಯೂಸಿಗೆ ದಪ್ಪ ತಂತಿ ಕಟ್ಟುವವನು ಬೆಂಕಿಗೆ ಆಮಂತ್ರಣ ಬರೆಯುತ್ತಾನೆ; 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಹೋಗುವ ರಕ್ಷಕ ಸಾಧನ ನೀರಿನ ಪಂಪು, ಪ್ರಯೋಗಶಾಲೆ, ಸ್ನಾನದ ಮನೆಗಳಿಗೆ ಇರಲೇಬೇಕು; ನೆಲದ ಸಂಪರ್ಕದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅದು ಇದ್ದೂ ಇಲ್ಲದಂತೆ. ದಾಸೋಹದ ಅಡಿಗೆಮನೆಯಲ್ಲಿ ಅನಿಲದ ಸಿಲಿಂಡರುಗಳನ್ನು ಗೋಡೆಯ ಹೊರಗೆ, ಗಾಳಿಯಾಡುವಲ್ಲಿ ನಿಲ್ಲಿಸಬೇಕು. ಆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಮೇಲೇರಿ ಹೋಗದೆ ನೆಲದ ಮೇಲೆಯೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಲಿಕುರ್ಚಿಯ ಮಗುವಿಗೆ ಇಳಿಜಾರು ಹಾದಿ ಮಾಡುವಾಗ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕು; ಜಾಗವಿಲ್ಲವೆಂದು ಕಡಿದಾಗಿ ಕಟ್ಟಿದ ಹಾದಿ ಫೋಟೋಕ್ಕೆ ಮಾತ್ರ ಉಪಯೋಗ.

ಇವೆಲ್ಲಕ್ಕೂ ಹಣ ಬೇಕು. ಇಲ್ಲಿಯೇ ಪಾಲಕನ ಕಷ್ಟ ಇರುವುದು. ಹೊಸ ಸಭಾಭವನಕ್ಕೆ ದಾನ ಕೊಡಲು ಹತ್ತು ಜನ ಮುಂದೆ ಬರುತ್ತಾರೆ. ಹಳೆಯ ಸಭಾಭವನದ ಚರಂಡಿಗೆ ಯಾರೂ ಬರುವುದಿಲ್ಲ, ಚರಂಡಿಗೆ ಫಲಕ ಹಾಕಲು ಬರುವುದಿಲ್ಲವಲ್ಲ. ದುರಸ್ತಿಯನ್ನು ಮುಂದೂಡಿದರೆ ಹಣ ಉಳಿಯುತ್ತದೆಂಬುದು ಭ್ರಮೆ. ಇದಕ್ಕೆ ಈಚಿನ ಒಂದು ನಿದರ್ಶನವನ್ನು ಶ್ರೀಮಂತ ದೇಶದಿಂದಲೇ ತೆಗೆದುಕೊಳ್ಳಬಹುದು. ಅಮೆರಿಕದ ಫ್ಲಾರಿಡಾ ಪ್ರಾಂತದ ಸರ್ಫ್‌ಸೈಡ್ ಎಂಬಲ್ಲಿ 1981ರಲ್ಲಿ ಕಟ್ಟಿದ ಹನ್ನೆರಡು ಅಂತಸ್ತಿನ ವಸತಿ ಕಟ್ಟಡವೊಂದಿತ್ತು. ಈಜುಕೊಳದ ಪಕ್ಕದ ನೆಲಹಾಸಿನ ಕೆಳಗಿನ ಜಲನಿರೋಧಕ ಪದರ ಕೆಟ್ಟು, ಇಳಿಜಾರಿಲ್ಲದೆ ನಿಂತ ನೀರು ಕಾಂಕ್ರೀಟನ್ನು ತಿನ್ನುತ್ತಿದೆಯೆಂದು 2018ರಲ್ಲಿಯೇ ಇಂಜಿನಿಯರರೊಬ್ಬರು ವರದಿ ಕೊಟ್ಟರು. ಅಂದಾಜು ವೆಚ್ಚ ಸುಮಾರು 90 ಲಕ್ಷ ಡಾಲರು. ನಿವಾಸಿಗಳಲ್ಲಿ ಯಾರು ಎಷ್ಟು ಕೊಡಬೇಕೆಂಬ ಚರ್ಚೆ ನಡೆಯಿತು, ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು, ಅಂದಾಜು ಒಂದೂವರೆ ಕೋಟಿ ಡಾಲರಿಗೆ ಏರಿತು. 2021ರ ಜೂನ್ 24ರ ನಸುಕಿನಲ್ಲಿ ಕಟ್ಟಡದ ಒಂದು ಭಾಗ ಕುಸಿದು 98 ಮಂದಿ ಸತ್ತರು. ಮೂಲ ವಿನ್ಯಾಸದಲ್ಲಿಯೂ ದೋಷಗಳಿದ್ದುದು ಅನಂತರದ ತನಿಖೆಯಲ್ಲಿ ಕಂಡುಬಂದಿತು. ಹಾಗಿದ್ದರೂ, ಎಚ್ಚರಿಕೆಯ ಕಾಗದ ಮೂರು ವರ್ಷ ಕಡತದಲ್ಲಿದ್ದುದು ಸುಳ್ಳಾಗುವುದಿಲ್ಲ.

ದಾನಿಗಳು ಮನಸ್ಸು ಮಾಡಿದರೆ ಇದಕ್ಕೆ ದಾರಿಯಿಲ್ಲದಿಲ್ಲ. ಕಟ್ಟಡಕ್ಕಾಗಿ ಕೊಡುವ ಪ್ರತಿಯೊಂದು ದೊಡ್ಡ ದಾನದಲ್ಲಿಯೂ ಒಂದು ಭಾಗವನ್ನು ಬೇರೆಯಾಗಿ ಠೇವಣಿಯಿರಿಸಿ, ಅದರ ಬಡ್ಡಿಯನ್ನು ಆ ಕಟ್ಟಡದ ಪಾಲನೆಗಲ್ಲದೆ ಬೇರಾವುದಕ್ಕೂ ಮುಟ್ಟಕೂಡದೆಂದು ಪತ್ರ ಮಾಡಿಸಬಹುದು. ಹಿಂದಿನವರು ಖಂಡಸ್ಫುಟಿತಕ್ಕೆಂದು ಬಿಟ್ಟ ಮತ್ತರು ಭೂಮಿಯ ಇಂದಿನ ರೂಪ ಇದು. ಫಲಕದಲ್ಲಿ ದಾನಿಯ ಹೆಸರಿನ ಕೆಳಗೆ ಅದೊಂದು ಸಾಲನ್ನು ಕೊರೆಸಿದರೆ ಮುಂದಿನ ಆಡಳಿತದವರಿಗೂ ಕೈಹಾಕಲು ಸಂಕೋಚವಾದೀತು.

ಹಣದಷ್ಟೇ ಅವಶ್ಯವಾದದ್ದು ಅಧಿಕಾರ. ಪಾಲಕನು ಗುಮಾಸ್ತರ ಕೈಕೆಳಗೆ, ಗುಮಾಸ್ತರು ಕಾರ್ಯದರ್ಶಿಯ ಕೈಕೆಳಗೆ ಎಂಬ ಏಣಿಯ ಕೆಳಮೆಟ್ಟಿಲಲ್ಲಿ ಅವನನ್ನು ನಿಲ್ಲಿಸಿದರೆ ಅವನ ಮಾತು ಮೇಲೇರುವುದರೊಳಗೆ ಮಳೆಗಾಲ ಬಂದಿರುತ್ತದೆ. ಅಪಾಯ ಕಂಡ ಕೋಣೆಗೆ ಅಂದೇ ಬೀಗ ಹಾಕುವ ಹಕ್ಕು ಅವನಿಗಿರಬೇಕು. ಅದನ್ನು ತೆರೆಸಬೇಕಾದರೆ ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯೂ ಕಾರಣವನ್ನು ಬರೆದು ಸಹಿ ಹಾಕಬೇಕು. ಸಹಿ ಹಾಕಬೇಕಾದಾಗ ಮನುಷ್ಯ ಎರಡು ಸಾರಿ ಯೋಚಿಸುತ್ತಾನೆ. ದೊಡ್ಡ ಸಂಸ್ಥೆಗಳು ಇದಕ್ಕಾಗಿ ಪೂರ್ಣಕಾಲದ ಅಧಿಕಾರಿಯನ್ನು ನೇಮಿಸಿಕೊಳ್ಳಬಹುದು. ಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರೊಬ್ಬರಿಗೆ ವಾರಕ್ಕೆ ಕೆಲವು ಪಾಠಗಳನ್ನು ಕಡಮೆ ಮಾಡಿ ಈ ಹೊಣೆಯನ್ನು ವಹಿಸಬಹುದು. ಪಾಠ ಕಡಮೆ ಮಾಡದೆ ಹೊಣೆಯನ್ನು ಮಾತ್ರ ವಹಿಸುವುದು ಸಂಸ್ಥೆಗಳಿಗೆ ಸುಲಭವೆಂಬುದು ಅಧ್ಯಾಪಕ ವರ್ಗಕ್ಕೆ ತಿಳಿಯದ ಸಂಗತಿಯಲ್ಲ.

ಪಾಲಕನು ಇಡಬೇಕಾದ ಪುಸ್ತಕ ಒಂದಿದೆ. ಅದು ಲೆಕ್ಕದ ಪುಸ್ತಕವಲ್ಲ, ಕಟ್ಟಡದ ದಿನಚರಿ. ಯಾವ ದಿನ ಎಲ್ಲಿ ಸೋರಿತು, ಯಾರು ಸರಿಪಡಿಸಿದರು, ಯಾವ ಸಾಮಾನು ಬಳಸಿದರು, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಗೆರೆಯಲ್ಲಿತ್ತೆ, ಮಕ್ಕಳನ್ನು ಹೊರತರುವ ಅಭ್ಯಾಸ ಮಾಡಿದಾಗ ಕೊನೆಯ ಮಗು ಅಂಗಳಕ್ಕೆ ಬರಲು ಎಷ್ಟು ನಿಮಿಷ ಹಿಡಿಯಿತು ಎಂಬಿವೆಲ್ಲ ಅದರಲ್ಲಿರಬೇಕು. ಅದರ ಕೊನೆಗೆ ಒಂದು ನಕ್ಷೆ. ನೀರಿನ ಕೊಳವೆ ಯಾವ ಗೋಡೆಯೊಳಗೆ ಹೋಗಿದೆ, ಭೂಗತ ತಂತಿ ಯಾವ ಮರದ ಬುಡದಲ್ಲಿ ತಿರುಗಿದೆ, ಮೂವತ್ತು ವರ್ಷಗಳ ಹಿಂದೆ ಮುಚ್ಚಿದ ಬಾವಿ ಈಗಿನ ಆಟದ ಬಯಲಿನ ಯಾವ ಮೂಲೆಯಲ್ಲಿದೆ ಎಂಬುದು ಎಷ್ಟೋ ಶಾಲೆಗಳಲ್ಲಿ ಒಬ್ಬ ಹಳೆಯ ಜವಾನನ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಅವನು ನಿವೃತ್ತನಾಗುವ ದಿನ ಹಾರ ಹಾಕಿ, ಶಾಲು ಹೊದಿಸಿ, ಬೀಗದ ಕೈಗೊಂಚಲನ್ನು ಮರಳಿ ಪಡೆಯುತ್ತಾರೆ. ಅದಕ್ಕೆ ಒಂದು ತಿಂಗಳ ಮೊದಲು ಅವನನ್ನು ಕರೆದುಕೊಂಡು ಕಾಗದ-ಸೀಸದಕಡ್ಡಿಯೊಡನೆ ಆವರಣವನ್ನೆಲ್ಲ ಒಂದು ಸುತ್ತು ಬಂದು ಅವನು ತೋರಿಸಿದ್ದನ್ನು ಬರೆದುಕೊಳ್ಳುವುದು ಹೊಸ ಪಾಲಕನ ಮೊದಲ ಕೆಲಸವಾಗಬೇಕು. ಅನುಕೂಲವಿದ್ದರೆ ಅದು ಮೇ ತಿಂಗಳಾಗಿರಲಿ. ನೆಲ ಒಣಗಿರುತ್ತದೆ, ಮಕ್ಕಳು ಇರುವುದಿಲ್ಲ, ತಾರಸಿಯ ಬಾಯಿಗಳನ್ನು ಶುಚಿಗೊಳಿಸಲು ಇನ್ನೂ ಸಮಯವಿರುತ್ತದೆ.